ಅವ್ವನ ಬಾಯಲ್ಲಿ ಬೇರು

ಆ ಶುಕ್ರವಾರ ಮಮತ ತುಂಬ ಖುಷಿಯಲ್ಲಿದ್ದಳು. ಹಿಂದಿನ ದಿನ ಶಾಲೆ ನೋಡಲು ಬೆಟ್ಟದ ಕೆಳಗಿನ ತಮಿಳು ಸೀಮೆಯಿಂದ ಬಂದಿದ್ದ ಅಧಿಕಾರಿಯೊಬ್ಬರು ಒಂಬತ್ತನೇ ತರಗತಿಯ ಇಂಗ್ಲಿಷ್ ನೋಟ್‌ಪುಸ್ತಕಗಳನ್ನು ತಿರುವಿ ಹಾಕಿ, ಬೆಟ್ಟದ ಮೇಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇಷ್ಟೊಂದು ಪದಗಳು ಹೇಗೆ ಬಂದವು ಎಂದು ತಮಿಳಿನಲ್ಲಿ ಕೇಳಿದ್ದರು. ಹೆಡ್‌ಮಾಸ್ಟರು ಉಮಾಶಂಕರ್ ಅವಳ ಕಡೆ ಕೈ ತೋರಿಸಿದ್ದರು. ನಡೆದದ್ದು ಅಷ್ಟೇ. ಆದರೆ ತಾಳವಾಡಿಯ ಕೂಲಿ ಮನೆಯಲ್ಲಿ ಹುಟ್ಟಿ, ರಜೆಯಲ್ಲೆಲ್ಲ ಅವ್ವನ ಜೊತೆ ಕಳೆ ಕಿತ್ತು ಓದಿದವಳಿಗೆ ಅಷ್ಟು ಸಾಕಿತ್ತು. ಬೆಳಿಗ್ಗೆ ಬಸ್ಸಿನ ಕಿಟಕಿ ಪಕ್ಕ ಕೂತಾಗಲೂ ಆ ಖುಷಿ ಜೊತೆಗೇ ಬಂದಿತ್ತು.

ಪದಗಳ ವಿಷಯದಲ್ಲಿ ಅವಳಿಗೆ ಒಂದು ಹಟವಿತ್ತು. ಬೆಟ್ಟದ ಕೆಳಗಿನ ಗೋಬಿ ಪಟ್ಟಣದಲ್ಲಿ ಬಿ.ಎಡ್. ಓದುತ್ತಿದ್ದಾಗ ಒಂದು ದಿನ ಪಾಠದ ನಡುವೆ ಕರೆಂಟು ಹೋಯಿತು. ಪಾಠ ಮಾಡುತ್ತಿದ್ದವರು 'ಬೇರ್ ವಿತ್ ಮಿ' ಎಂದರು. ಸ್ವಲ್ಪ ತಾಳಿ ಎಂದು ಅದರ ಅರ್ಥ. ಮಮತಳಿಗೆ ಗೊತ್ತಿದ್ದ ಬೇರ್ ಎಂದರೆ ಕಾಡಿನ ಕರಡಿ ಒಂದೇ. ಕರಡಿ ಎಲ್ಲಿ ಎಂದು ಪಕ್ಕದವಳನ್ನು ಮೆಲ್ಲಗೆ ಕೇಳಿದಳು. ಪಕ್ಕದವಳು ಅದನ್ನು ಇಡೀ ಕ್ಲಾಸಿಗೆ ಹೇಳಿದಳು. ಆ ವರ್ಷವಿಡೀ ಅವಳು ಬಾಗಿಲಲ್ಲಿ ಕಂಡರೆ ಸಾಕು, ಯಾರಾದರೊಬ್ಬರು 'ಕರಡಿ ಎಂಗೆ' ಎಂದು ತಮಿಳಿನಲ್ಲಿ ಕೂಗುತ್ತಿದ್ದರು. ತನ್ನ ಕೈಕೆಳಗೆ ಕಲಿತ ಮಕ್ಕಳಿಗೆ ಆ ಗತಿ ಬರಬಾರದು ಎಂದು ಆಗಲೇ ನಿಶ್ಚಯ ಮಾಡಿಕೊಂಡಿದ್ದಳು.

ಅದಕ್ಕೇ ಶುಕ್ರವಾರದ ಕೊನೆಯ ಪೀರಿಯಡ್ಡನ್ನು ಒಂದೇ ಒಂದು ಪದಕ್ಕೆ ಮೀಸಲಿಟ್ಟಿದ್ದಳು. ಆ ಪದಕ್ಕಿರುವ ಅರ್ಥಗಳೆಲ್ಲ ಅದರ ಮಕ್ಕಳು, ಅದೇ ಅರ್ಥ ಕೊಡುವ ಬೇರೆ ಪದಗಳೆಲ್ಲ ಅದರ ನೆಂಟರು. ಮಕ್ಕಳು ಹುಡುಕಿ ಹೇಳಬೇಕು, ಅವಳು ಬೋರ್ಡಿನ ಮೇಲೆ ಬರೆಯಬೇಕು. ಪಠ್ಯದಲ್ಲಿ ಆ ವಾರ ಮುಗಿದಿದ್ದ ಪಾಠದ ಕೊನೆಯಲ್ಲಿ ಒಬ್ಬ ಅಜ್ಜಿ ತನ್ನ ದುಃಖವನ್ನು ತಾಳಲಾರದೆ ಹೋದಳು ಎಂಬ ವಾಕ್ಯವಿತ್ತು. ಅಲ್ಲಿದ್ದ ಕ್ರಿಯಾಪದ ಅದೇ, ಬೇರ್. ಮಮತ ಹಳೆಯದನ್ನು ನೆನೆಸಿಕೊಂಡು ಒಳಗೊಳಗೇ ನಕ್ಕು ಅದನ್ನೇ ಆರಿಸಿಕೊಂಡಳು.

ಬೋರ್ಡಿನ ಮೇಲೆ ಒಂದು ಮರ ಬರೆದಳು. ಬುಡದಲ್ಲಿ ಬೇರು ಎಳೆದು ಅಲ್ಲಿ ಪದವನ್ನು ಬರೆದು, "ನೆನಪಿಟ್ಕೊಳ್ಳೋದು ಸುಲಭ. ಬೇರ್ ಅಂದ್ರೆ ಬೇರು. ಇದರಿಂದ ಎಷ್ಟು ಕೊಂಬೆ ಹೊರಡ್ತವೆ ನೋಡೋಣ" ಎಂದಳು. ಮಕ್ಕಳಿಗೆ ಮಜಾ ಬಂತು. ಮೊದಲ ಬೆಂಚಿನ ಸ್ಪಂದನ ಎದ್ದು ನಿಂತು, ತಾಳುವುದು ಎಂದಳು. ಜೀರಹಳ್ಳಿ ರಸ್ತೆಯ ಎರಡೂ ಬದಿಗೆ ಜಮೀನಿರುವ ಬಸವಣ್ಣನವರ ಮಗಳು, ಪದಗಳಲ್ಲಿ ಎಲ್ಲರಿಗಿಂತ ಚುರುಕು. ಹೊರುವುದು ಎಂದು ಇನ್ನೊಬ್ಬರು ಹೇಳಿದರು. ಹೆರುವುದು ಕೂಡ ಇದೇ ಎಂದು ಮಮತ ಹೇಳಿದಾಗ ಹುಡುಗಿಯರು ತಲೆ ತಗ್ಗಿಸಿ ನಕ್ಕರು. ಗಿಡ ಕಾಯಿ ಬಿಡುವುದಕ್ಕೂ ಇದೇ ಮಾತು ಎಂದಾಗ ಹಿಂದಿನ ಬೆಂಚಿನವರಿಗೂ ಉಮೇದು ಬಂತು. ಪಕ್ಕದಲ್ಲಿ ನೆಂಟರ ಪಟ್ಟಿಯೂ ಬೆಳೆಯುತ್ತಿತ್ತು: ಕ್ಯಾರಿ, ಎಂಡ್ಯೂರ್, ಸಫರ್, ಟಾಲರೇಟ್. ಇನ್ನೊಂದು ಕೊಂಬೆ ಖಾಲಿ ಇತ್ತು. ಮಮತ ಅದರ ತುದಿಯಲ್ಲಿ ಎರಡು ದುಂಡು ಕಿವಿ, ಒಂದು ಮೂತಿ ಬರೆದು ಮಕ್ಕಳ ಕಡೆ ತಿರುಗಿ, ಇದು ಯಾರು ಎಂದು ಕೇಳಿದಳು.

ಗದ್ದಲ ಒಮ್ಮೆಲೇ ನಿಂತಿತು. ಒಂದೊಂದೇ ಮುಖ ಮೂರನೇ ಬೆಂಚಿನ ಗೋಡೆ ಬದಿಗೆ ತಿರುಗಿತು. ಅಲ್ಲಿ ತಿಗನಾರೆಯ ಜವರನ ಮಗಳು ಪರಿಮಳ ಕೂತಿದ್ದಳು. ಅವಳು ಮಾತ್ರ ತಲೆ ಎತ್ತದೆ, ಬೋರ್ಡಿನಲ್ಲಿದ್ದ ಮರವನ್ನು ತನ್ನ ಪುಸ್ತಕದಲ್ಲಿ ಎಳೆಯುತ್ತಿದ್ದಳು.

ಮಮತ ಸೀಮೆಸುಣ್ಣ ಕೆಳಗಿಟ್ಟಳು. ಅವಳಿಗೆ ಗೊತ್ತಿಲ್ಲದ ವಿಷಯವೇನೂ ಅಲ್ಲ. ಈ ಶಾಲೆಗೆ ವರ್ಗವಾಗಿ ಬಂದ ಮೊದಲ ವಾರವೇ ಉಮಾಶಂಕರ್ ಸರ್ ಹೇಳಿದ್ದರು. ಎರಡು ವರ್ಷದ ಹಿಂದೆ ಪರಿಮಳಳ ತಾಯಿ ಸಣ್ಣಮ್ಮ ಮನೆಗೆ ಬಾರದ ಕಡಸನ್ನು ಹುಡುಕಿಕೊಂಡು ಬೆಳಗಿನ ಜಾವ ಕಾಡಿನ ಅಂಚಿಗೆ ಹೋಗಿದ್ದಳು. ಲಂಟಾನದ ಪೊದೆಯಿಂದ ಕರಡಿ ಎದ್ದು ಅವಳ ಮೇಲೆ ಬಿತ್ತು. ಎಡಗಣ್ಣು, ಎಡಗೆನ್ನೆ, ತುಟಿಯ ಒಂದು ಭಾಗ ಹೋದವು. ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಎರಡು ತಿಂಗಳಿದ್ದು, ತೊಡೆಯ ಚರ್ಮ ತೆಗೆದು ಕೆನ್ನೆಗೆ ಹಾಕಿಸಿಕೊಂಡು ಬಂದವಳು ಆಮೇಲೆ ಹಗಲು ಹೊತ್ತು ಮನೆಯಿಂದ ಹೊರಗೆ ಬಂದದ್ದಿಲ್ಲ. ಇದೆಲ್ಲ ಗೊತ್ತಿದ್ದೂ, ಖುಷಿಯ ಭರದಲ್ಲಿ ಆ ಕ್ಷಣಕ್ಕೆ ನೆನಪಾಗಲಿಲ್ಲ. ಡಸ್ಟರ್ ತೆಗೆದುಕೊಂಡು ಆ ಕೊಂಬೆಯನ್ನು ಅಳಿಸಿ, ಮುಂದಿನ ಶುಕ್ರವಾರಕ್ಕೆ ಬೇರೆ ಪದ ಹುಡುಕಿಕೊಂಡು ಬನ್ನಿ ಎಂದು ಹೇಳಿ, ಬೆಲ್ಲು ಹೊಡೆಯುವ ಮೊದಲೇ ತರಗತಿಯಿಂದ ಹೊರಗೆ ಬಂದಳು.

ಅವತ್ತೇ ಪರಿಮಳಳನ್ನು ಕರೆದು ಮಾತಾಡಿಸಬೇಕಿತ್ತು. ಮಾತಾಡಿಸಿದರೆ ಮಾಯುತ್ತಿರುವ ಗಾಯ ಕೆರೆದಂತಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು. ನಿಜವಾಗಿ ಅವಳಿಗೆ ಆ ಹುಡುಗಿಯ ಮುಖ ನೋಡಲು ಭಯವಾಗಿತ್ತು.

ಎರಡು ವಾರ ಕಳೆಯಿತು. ಒಂದು ಸಂಜೆ ಹೆಣ್ಣುಮಕ್ಕಳು ಅಂಗಳದಲ್ಲಿ ಖೋಖೋ ಆಡುತ್ತಿದ್ದಾಗ ಯಾರೋ "ಬೇರು, ಓಡು" ಎಂದು ಕೂಗಿದ್ದು ಸ್ಟಾಫ್ ರೂಮಿಗೆ ಕೇಳಿಸಿತು. ಓಡಿದವಳು ಪರಿಮಳ. ಮಮತ ಸ್ಪಂದನಳನ್ನು ಕರೆದು, ಅದೇನು ಹೆಸರು ಎಂದು ಕೇಳಿದಳು. ಬೇರ್ ಅಂದರೆ ಬೇರು ಎಂದು ನೀವೇ ಹೇಳಿಕೊಟ್ಟಿದ್ದಲ್ಲವೇ ಮಿಸ್ ಎಂದಳು ಸ್ಪಂದನ. ಅವಳ ಕಣ್ಣಿನಲ್ಲಿ ತುಂಟತನವಿತ್ತೋ ಅಂಜಿಕೆಯಿತ್ತೋ ಹೇಳುವುದು ಕಷ್ಟ. ಮಾರನೆಯ ದಿನ ಮಮತ ಇಡೀ ತರಗತಿಗೆ, ಯಾರನ್ನೂ ಅಡ್ಡಹೆಸರು ಹಿಡಿದು ಕರೆಯಬಾರದು ಎಂದು ಸುತ್ತಿ ಬಳಸಿ ಬುದ್ಧಿ ಹೇಳಿದಳು. ಆಮೇಲೆ ಅವಳ ಕಿವಿಗೆ ಆ ಹೆಸರು ಬೀಳಲಿಲ್ಲ. ಬೀಳದಂತೆ ಮಕ್ಕಳು ನೋಡಿಕೊಂಡರು.

ದೀಪಾವಳಿ ಮುಗಿದ ಮೇಲೆ ಪರಿಮಳ ಶಾಲೆಗೆ ಬರಲಿಲ್ಲ. ಒಂದು ವಾರವಾಯಿತು, ಎರಡನೇ ವಾರವೂ ಬಂತು. ಶನಿವಾರ ರಜೆಯಿತ್ತು. ಮಮತ ತಿಗನಾರೆಗೆ ಹೊರಟಳು.

ಬಸ್ಸಿಳಿದು ರಾಗಿ ಹೊಲಗಳ ನಡುವೆ ನಡೆದಳು. ಒಂದು ಹೊಲದ ತುಂಬ ಆನೆಯ ಹೆಜ್ಜೆಗಳಿದ್ದವು. ತುಳಿದದ್ದು ಹೋಗಿ ಉಳಿದ ತೆನೆಯನ್ನು ಇಬ್ಬರು ಹೆಂಗಸರು ಕೊಯ್ಯುತ್ತಿದ್ದರು. ಜವರನ ಮನೆ ಯಾವುದೆಂದು ಕೇಳಿದಾಗ ಅವರಲ್ಲೊಬ್ಬಳು ಕುಡುಗೋಲಿನಿಂದಲೇ ದಾರಿ ತೋರಿಸಿ, ಮುಂಬಾಗಿಲು ತೆಗೆಯುವುದಿಲ್ಲ, ಹಿತ್ತಿಲ ಕಡೆಯಿಂದ ಹೋಗಿ ಕೂಗಿ ಎಂದಳು.

ಹಿತ್ತಿಲಲ್ಲಿ ಸಣ್ಣಮ್ಮ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಹೊಸಬರನ್ನು ಕಂಡ ತಕ್ಷಣ ಸೆರಗನ್ನು ಎಳೆದು ಹಲ್ಲಿನಲ್ಲಿ ಕಚ್ಚಿಕೊಂಡಳು. ಬಂದವರು ಯಾರೆಂದು ಗೊತ್ತಾದ ಮೇಲೆ ಸೆರಗು ಬಿಟ್ಟು, ಒರಟು ಚಾಪೆಯೊಂದನ್ನು ಹಾಸಿದಳು. ಮಮತ ಆ ಮುಖವನ್ನು ನೋಡಿದಳು. ನೋಡಬಾರದೆಂದುಕೊಂಡರೂ ನೋಡಿದಳು. ಬಲಗಡೆ ಮೂವತ್ತೆಂಟರ ಹೆಂಗಸಿನ ಮುಖವಿತ್ತು, ಲಕ್ಷಣವಾದದ್ದು. ಎಡಗಡೆ ಕಣ್ಣಿರಬೇಕಾದಲ್ಲಿ ಚರ್ಮ ಮುಚ್ಚಿಕೊಂಡು, ಕೆನ್ನೆ ಒಳಕ್ಕೆ ಎಳೆದುಕೊಂಡು, ತುಟಿ ಮೇಲಕ್ಕೆ ಸಿಕ್ಕಿಕೊಂಡಿತ್ತು. ಮಾತಾಡುವಾಗ ಗಾಳಿ ಸೋರುತ್ತಿತ್ತು.

ಗಂಡ ಮಂಗಳವಾರದಿಂದ ಕಲ್ಲಿನ ಕೆಲಸಕ್ಕೆ ಹೋಗಿದ್ದಾನೆಂದು ಸಣ್ಣಮ್ಮ ಹೇಳಿದಳು. ಮಗಳು ಹೊಟ್ಟೆನೋವು ಎನ್ನುತ್ತಾಳೆ, ಅವ್ವಾ ನಿನ್ನನ್ನು ಬಿಟ್ಟು ಹೋಗಲು ಮನಸ್ಸಾಗುವುದಿಲ್ಲ ಎನ್ನುತ್ತಾಳೆ, ಕೇಳಿದರೆ ಅಳುತ್ತಾಳೆ. ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ಹತ್ತಿರ ಬರಲು ಹೆದರದೆ ಇದ್ದವಳು ಅವಳೊಬ್ಬಳೇ. ಹನ್ನೆರಡು ವರ್ಷದ ಕೂಸು ದಿನಾ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಗಾಯ ಒರೆಸಿ ಔಷಧಿ ಹಚ್ಚುತ್ತಿದ್ದಳು. ಇದನ್ನೆಲ್ಲ ಹೇಳಿ ಸಣ್ಣಮ್ಮ ಒಳಗಡೆ ತಿರುಗಿ ಕೂಗಿದಳು.

"ಬೇರೂ, ಮಿಸ್ಸವ್ರಿಗ ನೀರ್ ತತ್ತಾ ಕೂಸು."

ಮಮತ ಬೆಚ್ಚಿ ಬಿದ್ದಳು. ಒಳಗಿನಿಂದ "ಓ" ಎಂಬ ಉತ್ತರ ಬಂತು. ಪರಿಮಳ ಚೊಂಬು ಹಿಡಿದು ಬಾಗಿಲಿಗೆ ಬಂದು, ಮಿಸ್ಸನ್ನು ಕಂಡು ಅಲ್ಲೇ ನಿಂತಳು.

"ಪರಿಮಳ ಅನ್ನಕ ನನ್ ಬಾಯಿ ತಿರುಗಕಿಲ್ಲ ಮಿಸ್ಸವ್ರೆ. ಅರ್ದ ಗಾಳೀಲೇ ಓಯ್ತದ" ಎಂದಳು ಸಣ್ಣಮ್ಮ. "ಇದಾದ್ರ ಎಲ್ಡಕ್ಷರ, ಸಲೀಸು. ಇಸ್ಕೂಲಲ್ಲಿ ಎಲ್ರೂ ಇಂಗೇ ಕರೀತಾರಂತಲ್ಲ, ನಿಮ್ ಪಾಠದ್ದೇ ಮಾತಂತ. ದಿಟವಾ?"

"ದಿಟ ಅಕ್ಕ. ನಾನೇ ಬೋರ್ಡಲ್ಲಿ ಬರೆದಿದ್ದು."

"ಏನರ್ತ ಅದ್ಕ? ಇವ್ಳು ಗಿಡದ ಬೇರು ಅಂತಾಳ. ಇಂಗ್ಲೀಸ್ನಲ್ಲೂ ಅದೇನಾ?"

ಪರಿಮಳ ಅವ್ವನ ಬೆನ್ನ ಹಿಂದೆ ನಿಂತು ಮಮತಳನ್ನೇ ನೋಡುತ್ತಿದ್ದಳು. ತಲೆ ಅಲ್ಲಾಡಿಸಲಿಲ್ಲ, ಕೈಸನ್ನೆ ಮಾಡಲಿಲ್ಲ. ಚೊಂಬಿನ ನೀರು ಮಾತ್ರ ತುಳುಕಿ ಅವಳ ಕಾಲ ಮೇಲೆ ಬಿತ್ತು.

"ಒಂದೇ ಅರ್ಥ ಅಲ್ಲ ಅಕ್ಕ, ಬೇಕಾದಷ್ಟಿದೆ" ಎಂದಳು ಮಮತ. "ಹೊರೋದು ಅಂತ ಬರುತ್ತೆ. ತಡ್ಕೊಳ್ಳೋದು ಅಂತ ಬರುತ್ತೆ. ಏನ್ ಬಂದ್ರೂ ಬಿಟ್ಟು ಓಡದೆ ನಿಂತ್ಕೊಳ್ಳೋರಿಗೆ ಆ ಮಾತು."

ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಸಣ್ಣಮ್ಮನ ಬಲಗಣ್ಣು ತುಂಬಿ ಬಂತು. ಅಂಥ ಹೆಸರು ತನ್ನ ಮಗಳಿಗೆ ತಕ್ಕದ್ದೇ ಎಂದಳು. ಹೊರಡುವಾಗ ಬೇಡವೆಂದರೂ ಬಿಡದೆ, ಕೇರಿದ ಹುರುಳಿಯನ್ನೇ ಒಂದು ಸೇರಿನಷ್ಟು ಚೀಲಕ್ಕೆ ತುಂಬಿಕೊಟ್ಟಳು.

ಬಸ್ ನಿಲ್ಲುವ ಜಾಗದವರೆಗೆ ಪರಿಮಳ ಜೊತೆಗೆ ಬಂದಳು. ಅವ್ವನಿಗೆ ಆ ಹೆಸರು ಹೇಗೆ ಗೊತ್ತಾಯಿತು ಎಂದು ಅರ್ಧ ದಾರಿಯಲ್ಲಿ ಮಮತ ಕೇಳಿದಳು. ಒಂದು ದಿನ ಶಾಲೆಯಿಂದ ಬರುವ ಮಕ್ಕಳು ಮನೆ ಮುಂದೆ ನಿಂತು ಕೂಗಿದರಂತೆ. ಯಾಕೆ ಹಾಗೆ ಕರೆಯುತ್ತಾರೆ ಎಂದು ಅವ್ವ ಕೇಳಿದಾಗ ಪರಿಮಳ, ತಾನು ಕ್ಲಾಸಿಗೇ ಬೇರು ಇದ್ದಂತೆ ಎಂದು ಮಿಸ್ ಹೇಳಿದ್ದಾರೆ ಎಂದುಬಿಟ್ಟಳಂತೆ. ಆಸ್ಪತ್ರೆಯಿಂದ ಬಂದ ಮೇಲೆ ಅವ್ವ ಅಷ್ಟು ಖುಷಿಪಟ್ಟಿದ್ದು ಅದೇ ಮೊದಲಂತೆ. ಅವತ್ತಿನಿಂದ ಮನೆಯಲ್ಲೂ ಅದೇ ಹೆಸರು.

"ಅವ್ವಂಗೆ ಯಾವತ್ತೂ ಹೇಳ್ಬೇಡಿ ಮಿಸ್" ಎಂದಳು ಪರಿಮಳ. "ಅವ್ವ ಕರೆದ್ರೆ ನಂಗೇನೂ ಅನ್ಸಲ್ಲ." ನಾಲ್ಕು ಹೆಜ್ಜೆ ನಡೆದ ಮೇಲೆ ಮತ್ತೆ ಹೇಳಿದಳು. "ಮೊದಮೊದಲು ಅನ್ಸ್ತಿತ್ತು."

ತಪ್ಪಾಯಿತು ಎಂದು ಮಮತ ಹೇಳಬೇಕಿತ್ತು. ಹದಿನಾಲ್ಕರ ಹುಡುಗಿಗೆ ಅದನ್ನು ಹೇಗೆ ಹೇಳಬೇಕೆಂದು ಯೋಚಿಸುವಷ್ಟರಲ್ಲಿ ಬಸ್ಸು ಬಂತು. ಸೋಮವಾರ ಶಾಲೆಗೆ ಬರುತ್ತೀಯಾ ಎಂದು ಮಾತ್ರ ಕೇಳಿದಳು. ಪರಿಮಳ ಹೂಂ ಎಂದಳು. ಹೇಳಿದಂತೆ ಬಂದಳು ಕೂಡ.

ಅಲ್ಲಿಂದಾಚೆ ಮೂರು ನಾಲ್ಕು ತಿಂಗಳು ಎಲ್ಲವೂ ಸರಿಯಾಯಿತೆಂದೇ ಮಮತ ನಂಬಿದ್ದಳು. ಪರಿಮಳ ಒಂದು ದಿನವೂ ತಪ್ಪಿಸಲಿಲ್ಲ. ಶುಕ್ರವಾರದ ಪದಗಳಲ್ಲಿ ಕೈ ಎತ್ತತೊಡಗಿದಳು. ಅರ್ಧವಾರ್ಷಿಕದಲ್ಲಿ ಇಂಗ್ಲಿಷಿಗೆ ಸ್ಪಂದನಳಿಗಿಂತ ಎರಡೇ ಅಂಕ ಕಡಿಮೆ ಬಂತು. ಒಂದು ಸಂಜೆ ಅವಳಾಗಿಯೇ ಸ್ಟಾಫ್ ರೂಮಿಗೆ ಬಂದು, ಅವ್ವ ಹಗಲು ಹೊತ್ತು ಹೊರಗೆ ಬರತೊಡಗಿದ್ದಾಳೆ, ಬಸವಣ್ಣನವರ ಅರಿಸಿನದ ಹೊಲಕ್ಕೆ ಕೆಲಸಕ್ಕೆ ಕರೆದಿದ್ದಾರೆ, ಹೋಗುತ್ತಾಳಂತೆ ಎಂದು ಹೇಳಿದಳು. ಮಮತ ಆ ಸುದ್ದಿಯನ್ನು ಮನೆಗೆ ಹೋಗಿ ತನ್ನ ಅವ್ವನಿಗೂ ಹೇಳಿದಳು.

ಅರಿಸಿನದ ಹೊಲದಲ್ಲಿ ಏನಾಯಿತೆಂಬುದನ್ನು ಆಮೇಲೆ ಸ್ಪಂದನಳೇ ಅಳುತ್ತ ಹೇಳಿದ್ದು. ಶಾಲೆಗೆ ರಜೆಯಾದ್ದರಿಂದ ಪರಿಮಳ ಅವ್ವನ ಜೊತೆ ಗೆಡ್ಡೆ ಆಯಲು ಹೋಗಿದ್ದಳು. ಸ್ಪಂದನ ತನ್ನ ತಾಯಿ ಚನ್ನಮಲ್ಲಮ್ಮನವರ ಜೊತೆ ಆಳುಗಳಿಗೆ ಬುತ್ತಿ ತಂದಿದ್ದಳು. ಎರಡು ವರ್ಷದ ಮೇಲೆ ಹೊಲಕ್ಕೆ ಬಂದ ಸಣ್ಣಮ್ಮನನ್ನು ಹೆಂಗಸರೆಲ್ಲ ಅಕ್ಕರೆಯಿಂದ ಮಾತಾಡಿಸುತ್ತಿದ್ದರು. ಅವಳೂ ಸೆರಗು ಬಿಟ್ಟು ಮಾತಾಡುತ್ತಿದ್ದಳು. ಗೆಡ್ಡೆ ತುಂಬಲು ಮಂಕರಿ ಬೇಕಾಗಿ, ಆ ತುದಿಯಲ್ಲಿದ್ದ ಮಗಳನ್ನು "ಬೇರೂ" ಎಂದು ಜೋರಾಗಿ ಕೂಗಿದಳು. ಅದೇನು ಹೆಸರು ಎಂದು ಯಾರೋ ಕೇಳಿದರು. ಸಣ್ಣಮ್ಮ ಹೆಮ್ಮೆಯಿಂದ, ಇಂಗ್ಲಿಷ್ ಮಾತು, ಮಿಸ್ಸು ಇಟ್ಟ ಹೆಸರು ಎಂದಳು. ಚನ್ನಮಲ್ಲಮ್ಮ ಮಗಳ ಕಡೆ ತಿರುಗಿ, ಹಾಗಂದರೇನು ಎಂದು ಕೇಳಿದರು. ಸ್ಪಂದನ ಬಾಯಿ ಬಿಡಲಿಲ್ಲ. ಎರಡನೇ ಸಲ ಕೇಳಿದಾಗ ಅವಳಿಗೆ ಅಳು ಬಂತು. ಮೂರನೇ ಸಲ ಗದರಿಸಿ ಕೇಳಿದಾಗ, 'ಕರಡಿ, ಅಮ್ಮ' ಎಂದುಬಿಟ್ಟಳು.

ಯಾರೂ ನಗಲಿಲ್ಲ. ಚನ್ನಮಲ್ಲಮ್ಮ ಮಗಳ ಕೆನ್ನೆಗೆ ಬಾರಿಸಿದರು. ಸಣ್ಣಮ್ಮ ಅದನ್ನು ನೋಡಿಯೂ ನೋಡದವಳಂತೆ ಬಾಗಿ, ತನ್ನ ಸಾಲಿನಲ್ಲಿ ಉಳಿದಿದ್ದ ಗೆಡ್ಡೆಗಳನ್ನೆಲ್ಲ ಆಯ್ದು ಮುಗಿಸಿ, ಸೆರಗು ಕಚ್ಚಿಕೊಂಡು ಮನೆಗೆ ಹೋದಳು. ಪರಿಮಳ ಹಿಂದೆಯೇ ಓಡಿದಳಂತೆ.

ಸೋಮವಾರ ಎರಡನೇ ಪೀರಿಯಡ್ಡಿನ ಹೊತ್ತಿಗೆ ಸಣ್ಣಮ್ಮ ಶಾಲೆಗೆ ಬಂದಳು. ತಲೆಯ ಮೇಲೆ ಸೆರಗಿರಲಿಲ್ಲ. ಅಂಗಳದಲ್ಲಿದ್ದ ಸಣ್ಣ ತರಗತಿಯ ಮಕ್ಕಳು ಅವಳನ್ನು ಕಂಡು ಹಿಂದೆ ಸರಿದು ಕಂಬಕ್ಕೆ ಅಂಟಿಕೊಂಡು ನಿಂತರು. ಅವಳು ಅವರ ಕಡೆ ನೋಡಲಿಲ್ಲ. ಸ್ಟಾಫ್ ರೂಮಿನಲ್ಲಿ ಮಮತ ಒಬ್ಬಳೇ ಇದ್ದಳು. ಕುರ್ಚಿ ತೋರಿಸಿದರೂ ಸಣ್ಣಮ್ಮ ಕೂರಲಿಲ್ಲ.

"ನಿಮ್ಗೂ ಗೊತ್ತಿತ್ತಾ ಮಿಸ್ಸವ್ರೆ?"

"ಗೊತ್ತಿತ್ತು ಅಕ್ಕ."

"ಅವತ್ತು ನಮ್ಮನ್ಗ ಬಂದಾಗ್ಲೂವಾ?"

"ಆಗಲೂ ಗೊತ್ತಿತ್ತು."

ಮಮತ ಎದ್ದು ನಿಂತಿದ್ದಳು. ಕೂತುಕೊಳ್ಳಬೇಕೋ ಹತ್ತಿರ ಹೋಗಬೇಕೋ ತಿಳಿಯದೆ ಮೇಜಿನ ಅಂಚು ಹಿಡಿದುಕೊಂಡಿದ್ದಳು. ಆ ಶುಕ್ರವಾರ ನಡೆದದ್ದನ್ನೆಲ್ಲ, ತಾನು ಬರೆದ ಮರ, ಎಳೆದ ಕಿವಿಗಳು, ಆಮೇಲೆ ಸುಮ್ಮನಾದದ್ದು, ಒಂದೂ ಬಿಡದೆ ಹೇಳಿದಳು. ಮಕ್ಕಳದ್ದಲ್ಲ, ತಪ್ಪು ತನ್ನದು ಎಂದಳು.

"ಆ ಪ್ರಾಣಿ ಮ್ಯಾಲ ನಂಗ ಕ್ವಾಪ ಇಲ್ಲ ಕಣ್ ಮಿಸ್ಸವ್ರೆ" ಎಂದಳು ಸಣ್ಣಮ್ಮ. "ಅದ್ರ ಬೆನ್ ಮ್ಯಾಲ ಮರಿ ಇತ್ತು, ಎದ್ರಕತ್ತು, ಮಾಡದ್ ಮಾಡ್ತು. ಮಕ್ಳ ಮ್ಯಾಲೂ ಕ್ವಾಪ ಇಲ್ಲ. ನಾನು ಎತ್ತವ್ವ. ನನ್ ಬಾಯಾರ ದಿನಕ್ ನೂರ್ ಸಲ ಕರ್ದಿ. ನೂರ್ ಸಲಾನೂ ಅವ್ಳು ಓ ಅಂದ್ಳು."

ಆಮೇಲೆ ಬಂದ ಕೆಲಸ ಹೇಳಿದಳು. ಈ ವರ್ಷದ ಪರೀಕ್ಷೆ ಮುಗಿದ ಮೇಲೆ ಮಗಳ ಟಿ.ಸಿ. ಬೇಕು. ತಂಗಿ ಪ್ರಮೀಳಾ ಕೊಳ್ಳೇಗಾಲದ ಹತ್ತಿರ ಇದ್ದಾಳೆ, ಅಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ ಇದೆ, ಹತ್ತನೆಯದನ್ನು ಅಲ್ಲೇ ಓದಲಿ. ಮಮತ ಬೇಡಿಕೊಂಡಳು. ತರಗತಿಗೆ ತಾನೇ ಎಲ್ಲ ತಿಳಿಸಿ ಹೇಳುತ್ತೇನೆ, ಇನ್ನು ಒಬ್ಬರೂ ಹಾಗೆ ಕರೆಯದಂತೆ ನೋಡಿಕೊಳ್ಳುತ್ತೇನೆ, ಇಷ್ಟು ಚೆನ್ನಾಗಿ ಓದುವ ಹುಡುಗಿಯನ್ನು ಈ ಹೊತ್ತಿನಲ್ಲಿ ಕೀಳಬೇಡಿ ಎಂದಳು. ಸಣ್ಣಮ್ಮ ತಲೆಯಾಡಿಸಿದಳು.

"ಇಲ್ಲಿದ್ರ ನಂಗೋಸ್ಕರ ಅವ್ಳು ಇನ್ನೂ ಏನೇನ್ ತಡ್ಕತಾಳೋ ನಂಗ ಗೊತ್ತಾಗಾಕಿಲ್ಲ" ಎಂದು ಹೇಳಿ, ಬಂದ ದಾರಿಯಲ್ಲೇ ಹೋದಳು.

ಅವತ್ತೇ ಮಧ್ಯಾಹ್ನ ಮಮತ ಒಂಬತ್ತನೇ ತರಗತಿಗೆ ಹೋಗಿ, ತಾನು ಗೋಬಿಯಲ್ಲಿ ಒಂದು ವರ್ಷ ಯಾವ ಹೆಸರು ಹೊತ್ತು ತಿರುಗಿದ್ದೆ ಎಂಬುದನ್ನು ಮಕ್ಕಳಿಗೆ ಮೊದಲ ಸಲ ಹೇಳಿದಳು. ಅದನ್ನು ಅನುಭವಿಸಿದವಳೇ ಅದೇ ಪದವನ್ನು ಇನ್ನೊಬ್ಬಳ ತಲೆಗೆ ಕಟ್ಟಿದೆ ಎಂದಳು. ಪರಿಮಳ ಅಂದು ಬಂದಿರಲಿಲ್ಲ. ಸ್ಪಂದನ ಬೆಂಚಿನ ಮೇಲೆ ತಲೆಯಿಟ್ಟು ಅತ್ತಳು. ಮರುದಿನ ಪರಿಮಳ ಬಂದಾಗ ಪಕ್ಕದಲ್ಲಿ ಜಾಗ ಮಾಡಿಕೊಟ್ಟಳು. ಪರಿಮಳ ಹೋಗಿ ಕೂತಳು, ಮಾತೂ ಆಡಿದಳು. ಆ ಹೆಸರು ಶಾಲೆಯಲ್ಲಿ ಆಮೇಲೆ ಯಾರ ಬಾಯಲ್ಲೂ ಬರಲಿಲ್ಲ.

ಪರೀಕ್ಷೆಗೆ ಹತ್ತು ದಿನವಿತ್ತು. ಮಕ್ಕಳೆಲ್ಲ ಹೊರಟ ಮೇಲೆ ಪರಿಮಳ ವರಾಂಡದಲ್ಲಿ ಕಂಬಕ್ಕೆ ಒರಗಿ ನಿಂತಿದ್ದಳು. ಬಸ್ಸಿಗೆ ಹೊತ್ತಾಗುತ್ತದೆ, ಹೋಗುವುದಿಲ್ಲವೇ ಎಂದು ಮಮತ ಕೇಳಿದಳು.

"ಅವ್ವ ನನ್ನ ಯಾವ ಹೆಸ್ರಿಂದ್ಲೂ ಕರೀತಿಲ್ಲ ಮಿಸ್" ಎಂದಳು ಪರಿಮಳ. "ಏನಾದ್ರೂ ಬೇಕಾದ್ರೆ ಹತ್ರ ಬಂದು ತೋಳು ಮುಟ್ತಾಳೆ. ಪರಿಮಳ ಅನ್ನೋಕೆ ಹೋದ್ರೆ ಬಾಯಿ ನೋವು ಬರುತ್ತೆ. ಒಂದ್ಸಲ ಮರೆತು ಬೇರು ಅಂದ್ಬಿಟ್ಳು, ಅವತ್ತು ಊಟಾನೇ ಮಾಡ್ಲಿಲ್ಲ." ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು. "ಹಂಗೇ ಕರೀತಿದ್ರೆ ಸಾಕಿತ್ತು ಅನ್ಸುತ್ತೆ ಮಿಸ್."

ಮಮತ ಅವಳ ಪಕ್ಕದಲ್ಲಿ ಬಂದು ನಿಂತಳು. ತಪ್ಪಾಯಿತು ಮಗ ಎಂದು ಅವತ್ತು ಹೇಳಿದಳು. ಅವ್ವನನ್ನು ಒಪ್ಪಿಸಿ ಮಿಸ್, ನನಗೆ ಹೋಗಲು ಇಷ್ಟವಿಲ್ಲ ಎಂದಳು ಪರಿಮಳ. ಮಮತ ಮರುದಿನವೇ ತಿಗನಾರೆಗೆ ಹೋದಳು. ಸಣ್ಣಮ್ಮ ಹಿತ್ತಿಲಿಗೆ ಬರಲಿಲ್ಲ. ಜವರ ಬಂದು ಕೈಮುಗಿದು, ಅವಳು ಮಲಗಿದ್ದಾಳೆ, ಅವಳ ಮನಸ್ಸಿಗೆ ಬಂದದ್ದನ್ನು ನಾನು ತಿರುಗಿಸಲಾರೆ ಎಂದ. ಕೆಲಸದಿಂದ ಬಂದವನ ತಲೆ ಮೈಯೆಲ್ಲ ಕಲ್ಲಿನ ಪುಡಿಯಾಗಿತ್ತು.

ಮೇ ತಿಂಗಳ ಕೊನೆಗೆ ಮಮತಳೇ ಟಿ.ಸಿ. ಬರೆದಳು. ಅದು ಅವಳ ಕೆಲಸವಾಗಿರಲಿಲ್ಲ, ಆದರೂ ತಾನೇ ಬರೆಯುತ್ತೇನೆಂದು ಕೇಳಿ ತೆಗೆದುಕೊಂಡಳು. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ, ನಡತೆ ಎಲ್ಲವನ್ನೂ ಬರೆದು, ಶಾಲೆ ಬಿಡಲು ಕಾರಣ ಎಂಬ ಕಡೆಗೆ ಬಂದಾಗ ಪೆನ್ನು ನಿಂತಿತು. ಉಮಾಶಂಕರ್ ಸರ್ ಪಕ್ಕದ ಮೇಜಿನಿಂದ ನೋಡಿ, ಕುಟುಂಬದ ಕಾರಣ ಎಂದು ಬರೆಯಿರಿ ಮಮತ, ಎಲ್ಲರಿಗೂ ಹಾಗೇ ಬರೆಯುವುದು ಎಂದರು. ಅವಳು ಹಾಗೇ ಬರೆದಳು.

ಪರಿಮಳ ಹೊರಟ ದಿನ ಅಪ್ಪ ಮಾತ್ರ ಬಸ್ಸಿಗೆ ಬಂದಿದ್ದ. ಸಣ್ಣಮ್ಮ ಮನೆಯಲ್ಲೇ ಉಳಿದಳು. ಮಮತ ಒಂದು ಹಳೆಯ ನಿಘಂಟನ್ನು ಕೊಡಬೇಕೆಂದು ತಂದಿದ್ದಳು, ಆದರೆ ಕೊಡಲು ಕೈ ಬರಲಿಲ್ಲ. ಕಿತ್ತಳೆ ಹಣ್ಣು, ಒಂದು ಪೆನ್ನಿನ ಡಬ್ಬಿ ಕೊಟ್ಟಳು. ಪರಿಮಳ ಹಾಸ್ಟೆಲಿನಲ್ಲಿ ಚೆನ್ನಾಗಿ ಓದುತ್ತೇನೆ ಎಂದು ಯಾರೂ ಕೇಳದೆಯೇ ಹೇಳಿ, ಕಿಟಕಿಯ ಪಕ್ಕ ಕೂತು ಮುಂದೆ ನೋಡಿದಳು.

ಮುಂದಿನ ದೀಪಾವಳಿಗೆ ಎರಡು ದಿನ ಮೊದಲು ತಾಳವಾಡಿಯ ಸಂತೆಯಲ್ಲಿ ಮಮತ ಸಣ್ಣಮ್ಮನನ್ನು ಕಂಡಳು. ಈರುಳ್ಳಿ ಅಂಗಡಿಯ ಮುಂದೆ ನಿಂತು ಚೀಲಕ್ಕೆ ತುಂಬಿಸಿಕೊಳ್ಳುತ್ತಿದ್ದಳು. ಸೆರಗು ಹೆಗಲ ಮೇಲಿತ್ತು. ಜನ ಅವಳನ್ನು ನೋಡಿ ದಾಟಿ ಹೋಗುತ್ತಿದ್ದರು, ಅವಳು ಅದನ್ನು ಲೆಕ್ಕಕ್ಕಿಟ್ಟಂತೆ ಕಾಣಲಿಲ್ಲ. ಮಮತ ತಪ್ಪಿಸಿಕೊಂಡು ಹೋಗಬಹುದಿತ್ತು. ಹೋಗದೆ ಹತ್ತಿರ ಹೋಗಿ, ಅಕ್ಕ ಎಂದಳು.

ಸಣ್ಣಮ್ಮ ತಿರುಗಿ ನೋಡಿ, ಚೆನ್ನಾಗಿದ್ದೀರಾ ಎಂದು ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಹಳೆಯ ಅಕ್ಕರೆಯೂ ಇರಲಿಲ್ಲ. ತಾನು ಈಗ ದಿನಾ ಕೂಲಿಗೆ ಹೋಗುತ್ತೇನೆ ಎಂದಳು. ಪರಿಮಳ ಹಬ್ಬಕ್ಕೆ ಬರುತ್ತಾಳೆಯೇ ಎಂದು ಮಮತ ಕೇಳಿದಳು. ಬರುವುದಿಲ್ಲವಂತೆ, ಸ್ಪೆಷಲ್ ಕ್ಲಾಸ್ ಇದೆಯಂತೆ, ದಸರಾಕ್ಕೂ ಬರಲಿಲ್ಲ ಎಂದಳು ಸಣ್ಣಮ್ಮ. ಭಾನುವಾರ ಭಾನುವಾರ ಫೋನ್ ಮಾಡುತ್ತಾಳೆ, ಒಂದು ಗಂಟೆ ಮಾತಾಡುತ್ತಾಳೆ, ಅಲ್ಲಿಯ ಮಕ್ಕಳ ಕತೆಯನ್ನೆಲ್ಲ ಹೇಳುತ್ತಾಳೆ.

"ಫೋನ್ನಲ್ಲಾದ್ರ ಕರೀಬೇಕಂತಿಲ್ಲ ನೋಡಿ" ಎಂದಳು ಸಣ್ಣಮ್ಮ. "ಅವ್ಳೇ ಅವ್ವ ಅಂತಾಳ, ನಾನು ಏನ್ ಮಗ ಅಂತೀನಿ. ಎಸ್ರೇ ಬ್ಯಾಡ."

ತಿಗನಾರೆ ಕಡೆಯ ಬಸ್ಸು ಹಾರನ್ ಮಾಡಿತು. ಮಮತ ಚೀಲಕ್ಕೆ ಕೈ ಹಾಕಲು ಹೋದಳು. ಬೇಡ ಎಂದು ಸಣ್ಣಮ್ಮ ತಾನೇ ಎತ್ತಿ ಹೆಗಲಿಗೆ ಹಾಕಿಕೊಂಡು, ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಬಸ್ಸು ಹತ್ತಿದಳು. ಬಸ್ಸು ತಿರುವು ದಾಟುವವರೆಗೂ ಮಮತ ಈರುಳ್ಳಿ ಅಂಗಡಿಯ ಮುಂದೆಯೇ ನಿಂತಿದ್ದಳು. ಅಂಗಡಿಯವನು ಎಷ್ಟು ಕಿಲೋ ಎಂದು ಎರಡು ಸಲ ಕೇಳಿದ.